ಗೂಡಂಗಡಿಯ ಶೋಕ: ಒಂದು ಪತ್ರಿಕಾ ಛಾಯಾಚಿತ್ರದ ಸಾಕ್ಷ್ಯವಿಚಾರ

೧

ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಬರೆಯಹೊರಟವನಿಗೆ ಹಿಂದಿನ ಕಾಲದ ಚರಿತ್ರಕಾರರಿಗೆ ದೊರೆಯದಿದ್ದ ಒಂದು ಸಾಮಗ್ರಿ ಹೇರಳವಾಗಿ ಒದಗಿದೆ. ಪತ್ರಿಕೆಗಳಲ್ಲಿ ಅಚ್ಚಾದ ಛಾಯಾಚಿತ್ರವೇ ಆ ಸಾಮಗ್ರಿ. ಶಾಸನ, ತಾಳೆಯೋಲೆ, ಕಡತ, ಪ್ರವಾಸಿಗಳ ಬರೆವಣಿಗೆ ಮೊದಲಾದವನ್ನು ಆಧಾರವಾಗಿ ಬಳಸುವಾಗ ಅನುಸರಿಸಬೇಕಾದ ವಿಮರ್ಶೆಯ ಕ್ರಮವನ್ನು ವಿದ್ವಾಂಸರು ಬಹುಕಾಲದ ಪರಿಶ್ರಮದಿಂದ ರೂಪಿಸಿದ್ದಾರೆ. ಛಾಯಾಚಿತ್ರದ ವಿಷಯದಲ್ಲಿ ಅಂಥ ಎಚ್ಚರ ಅಷ್ಟಾಗಿ ಕಂಡುಬರುವುದಿಲ್ಲ. ಬರೆದವನು ಸುಳ್ಳು ಬರೆದಾನು, ಪ್ರತಿ ಮಾಡಿದವನು ತಪ್ಪು ಮಾಡಿಯಾನು. ಯಂತ್ರವಾದರೋ ತನ್ನ ಮುಂದೆ ಇದ್ದುದನ್ನು ಇದ್ದಂತೆಯೇ ಹಿಡಿಯುತ್ತದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ. ಈ ನಂಬಿಕೆಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಮಸೂರದ ಮುಂದೆ ಇದ್ದುದು ಅಲ್ಲಿಗೆ ಹೇಗೆ ಬಂತು, ಹಾಗೆಯೇ ಏಕೆ ನಿಂತಿತು, ಯಾರ ಯಾರ ಕೈಗಳನ್ನು ಹಾದು ಅಚ್ಚಾದ ಪುಟವನ್ನು ಸೇರಿತು ಎಂಬ ಪ್ರಶ್ನೆಗಳಿಗೆ ಯಂತ್ರ ಉತ್ತರ ಹೇಳಲಾರದು.

ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಗಳನ್ನು ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಪರಿಶೀಲಿಸಿದೆ. ಮುಂದೆ ಚಲನಚಿತ್ರ ನಿರ್ದೇಶಕನಾಗಿ ಜಗತ್ಪ್ರಸಿದ್ಧನಾದ ಸ್ಟ್ಯಾನ್ಲಿ ಕುಬ್ರಿಕ್ ಇನ್ನೂ ಪ್ರೌಢಶಾಲೆಯ ವಿದ್ಯಾರ್ಥಿಯಾಗಿದ್ದಾಗ ತೆಗೆದ ಚಿತ್ರ ಅದು. ಅಮೆರಿಕದ ‘ಲುಕ್’ ಪತ್ರಿಕೆಯ ೧೯೪೫ನೆಯ ಜೂನ್ ೨೬ರ ಸಂಚಿಕೆಯಲ್ಲಿ ಅಚ್ಚಾಯಿತು. ಚಿತ್ರದಲ್ಲಿ ಕಾಣುವವನು ನ್ಯೂಯಾರ್ಕ್ ನಗರದ ಒಬ್ಬ ಪತ್ರಿಕೆ ಮಾರುವವನು. ಅವನ ಶೋಕ ದಿಟವೇ? ದಿಟವಲ್ಲದಿದ್ದರೆ ಚಿತ್ರವನ್ನು ಚರಿತ್ರೆಯ ಆಧಾರಗಳ ಸಾಲಿನಿಂದ ತೆಗೆದುಹಾಕಬೇಕೆ? ಇವೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ವಿಷಯಗಳು.

೨

ಮೊದಲು ಸಂದರ್ಭವನ್ನು ತಿಳಿಯುವುದು ಅವಶ್ಯ. ೧೯೪೫ನೆಯ ಏಪ್ರಿಲ್ ೧೨ರ ಮಧ್ಯಾಹ್ನ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಜಾರ್ಜಿಯಾ ಸಂಸ್ಥಾನದ ವಾರ್ಮ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಮಿದುಳಿನ ರಕ್ತಸ್ರಾವದಿಂದ ಮೃತರಾದರು. ಆಗ ಅವರಿಗೆ ೬೩ ವರ್ಷ ವಯಸ್ಸು. ಅದೇ ದಿನ ಸಂಜೆ ಉಪಾಧ್ಯಕ್ಷ ಹ್ಯಾರಿ ಟ್ರೂಮನ್ ಅಧ್ಯಕ್ಷಪದವಿಯ ಪ್ರಮಾಣವಚನವನ್ನು ಸ್ವೀಕರಿಸಿದರು. ಯೂರೋಪಿನ ಯುದ್ಧ ಮುಗಿಯಲು ಇನ್ನೂ ಒಂದು ತಿಂಗಳಿಗೆ ಸ್ವಲ್ಪ ಕಡಮೆ ಕಾಲ ಉಳಿದಿತ್ತು. ಜಪಾನಿನೊಡನೆ ಯುದ್ಧ ನಡೆದೇ ಇತ್ತು. ರೂಸ್‌ವೆಲ್ಟರು ೧೯೩೨, ೧೯೩೬, ೧೯೪೦ ಮತ್ತು ೧೯೪೪ರ ನಾಲ್ಕು ಚುನಾವಣೆಗಳಲ್ಲಿ ಗೆದ್ದು, ೧೯೩೩ನೆಯ ಮಾರ್ಚಿಯಿಂದ ಎಡೆಬಿಡದೆ ಅಧಿಕಾರದಲ್ಲಿದ್ದವರು. ೧೯೨೮ನೆಯ ಜುಲೈ ೨೬ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದ ಕುಬ್ರಿಕ್‌ಗೆ ಅವರು ಪದವಿಗೇರಿದಾಗ ನಾಲ್ಕೇ ವರ್ಷ. ಎಂದರೆ, ಆ ಬಾಲಕನಿಗೆ ಬುದ್ಧಿ ಬಂದಂದಿನಿಂದ ದೇಶಕ್ಕೆ ಬೇರೆ ಅಧ್ಯಕ್ಷರೇ ಇರಲಿಲ್ಲ. ಅವನ ವಯಸ್ಸಿನವರಿಗೆಲ್ಲ ಆ ಸಾವು ರಾಜಕೀಯ ಘಟನೆಯಾಗಿದ್ದಂತೆಯೇ ತಾವು ಬೆಳೆದ ಕಾಲವೊಂದರ ಕೊನೆಯೂ ಆಗಿತ್ತು.

ಇನ್ನು ಚಿತ್ರ. ಬೀದಿಬದಿಯ ಗೂಡಂಗಡಿಯೊಂದರಲ್ಲಿ ವಯಸ್ಸಾದ ವ್ಯಾಪಾರಿಯೊಬ್ಬ ಕೈಗೆ ತಲೆಯಾನಿಸಿ ಕುಳಿತಿದ್ದಾನೆ. ಅವನ ಸುತ್ತಮುತ್ತ ಅಂದಿನ ದಿನಪತ್ರಿಕೆಗಳು. ಅವುಗಳ ದಪ್ಪಕ್ಷರದ ತಲೆಬರಹಗಳು ರೂಸ್‌ವೆಲ್ಟರ ಮರಣವನ್ನು ಸಾರುತ್ತಿವೆ. ವ್ಯಾಪಾರಿ ಗಿರಾಕಿಗಳತ್ತ ನೋಡುತ್ತಿಲ್ಲ. ಅವನ ಮುಖ ಬಾಡಿದೆ, ಮೈ ಕುಗ್ಗಿದೆ. ಪತ್ರಿಕೆಗಳೇ ಅವನಿಗೆ ಚೌಕಟ್ಟು. ಚಿತ್ರದಲ್ಲಿ ಮೃತರಾದವರ ಭಾವಚಿತ್ರಕ್ಕಾಗಲಿ ಶವಯಾತ್ರೆಗಾಗಲಿ ಕಣ್ಣೀರಿಡುವ ಜನಸಂದಣಿಗಾಗಲಿ ಪ್ರಾಧಾನ್ಯವಿಲ್ಲ. ಸುದ್ದಿಯನ್ನು ಹೊತ್ತ ಕಾಗದ, ಅದನ್ನು ಮಾರಿ ಬದುಕುವ ಮನುಷ್ಯ, ಇವೆರಡೇ ಅದರ ಸಾಮಗ್ರಿ. ಆದರೂ ನೋಡಿದವನಿಗೆ ಒಂದು ರಾಷ್ಟ್ರದ ದುಃಖವನ್ನು ಕಂಡಂತೆ ಭಾಸವಾಗುತ್ತದೆ.

ಈ ಭಾಸ ಹೇಗೆ ಉಂಟಾಗುತ್ತದೆಂಬುದನ್ನು ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಸುಲಭವಾಗಿ ವಿವರಿಸಬಹುದು. ಕರುಣರಸಕ್ಕೆ ಶೋಕವು ಸ್ಥಾಯಿಭಾವ. ಅದನ್ನು ಉಂಟುಮಾಡುವ ಕಾರಣ ವಿಭಾವ. ಹೊರಗೆ ತೋರುವ ಚೇಷ್ಟೆ ಅನುಭಾವ. ಈ ಚಿತ್ರದಲ್ಲಿ ವಿಭಾವವನ್ನು ಒದಗಿಸುವುದು ಪತ್ರಿಕೆಯ ತಲೆಬರಹ. ಅನುಭಾವವನ್ನು ಒದಗಿಸುವುದು ವ್ಯಾಪಾರಿಯ ಮುಖ ಮತ್ತು ಭಂಗಿ. ತಲೆಬರಹಗಳನ್ನು ಮರೆಮಾಡಿ ಮುಖವೊಂದನ್ನೇ ನೋಡಿದರೆ ಅದು ದಣಿವಾಗಿರಬಹುದು, ಬೇಸರವಾಗಿರಬಹುದು, ಹಲ್ಲುನೋವೂ ಆಗಿರಬಹುದು. ಮುಖವನ್ನು ಮರೆಮಾಡಿದರೆ ಉಳಿಯುವುದು ಬರಿಯ ವಾರ್ತೆ. ಇವೆರಡೂ ಒಂದೇ ಚೌಕಟ್ಟಿನಲ್ಲಿ ಕೂಡಿದಾಗ ನೋಡುವವನ ಮನಸ್ಸು ತಾನೇ ನಡುವಣ ಸಂಬಂಧವನ್ನು ಕಲ್ಪಿಸಿಕೊಳ್ಳುತ್ತದೆ. ರಷ್ಯದ ಚಲನಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ತನ್ನ ಪ್ರಸಿದ್ಧ ಪ್ರಯೋಗದಲ್ಲಿ ತೋರಿಸಿದ್ದೂ ಇದನ್ನೇ: ನಟನೊಬ್ಬನ ಒಂದೇ ಮುಖವನ್ನು ಬೇರೆಬೇರೆ ವಸ್ತುಗಳ ದೃಶ್ಯಗಳೊಡನೆ ಜೋಡಿಸಿದರೆ, ಪ್ರೇಕ್ಷಕರು ಆ ಮುಖದಲ್ಲಿ ಬೇರೆಬೇರೆ ಭಾವಗಳನ್ನು ಕಾಣುತ್ತಾರೆ. ಕುಲೆಶೋವ್ ಎರಡು ಚಿತ್ರಗಳನ್ನು ಒಂದರ ನಂತರ ಒಂದನ್ನಿಟ್ಟು ಸಾಧಿಸಿದುದನ್ನು ಈ ಬಾಲಕ ಒಂದೇ ಚಿತ್ರದೊಳಗೆ ಸಾಧಿಸಿದ್ದಾನೆ.

೩

ಚಿತ್ರ ತೆಗೆದವನ ಸ್ಥಿತಿಗತಿಯೂ ಗಮನಾರ್ಹವಾದುದು. ಕುಬ್ರಿಕನ ತಂದೆ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ವೈದ್ಯರಾಗಿದ್ದರು. ಮಗನಿಗೆ ೧೩ ವರ್ಷ ತುಂಬಿದಾಗ ಅವರು ಒಂದು ಗ್ರಾಫ್ಲೆಕ್ಸ್ ಕ್ಯಾಮರಾವನ್ನು ಉಡುಗೊರೆಯಾಗಿ ಕೊಟ್ಟರು. ಶಾಲೆಯ ಪಾಠಗಳಲ್ಲಿ ಹುಡುಗನಿಗೆ ಹೆಚ್ಚಿನ ಆಸಕ್ತಿಯಿರಲಿಲ್ಲ. ಚದುರಂಗ, ಸಂಗೀತ, ಛಾಯಾಚಿತ್ರ ಇವುಗಳಲ್ಲಿ ಅವನ ಮನಸ್ಸು ನೆಟ್ಟಿತ್ತು. ಪತ್ರಿಕೆ ಮಾರುವವನ ಚಿತ್ರವನ್ನು ‘ಲುಕ್’ ಪತ್ರಿಕೆ ೨೫ ಡಾಲರುಗಳಿಗೆ ಕೊಂಡುಕೊಂಡಿತು. ೧೯೪೬ರಲ್ಲಿ, ಪ್ರೌಢಶಾಲೆಯ ವಿದ್ಯಾಭ್ಯಾಸ ಮುಗಿದ ಬಳಿಕ, ಅದೇ ಪತ್ರಿಕೆ ಅವನನ್ನು ಕೆಲಸಕ್ಕೆ ತೆಗೆದುಕೊಂಡಿತು. ೧೯೫೦ರವರೆಗೆ ಅವನು ಅಲ್ಲಿದ್ದನು. ಆ ಅವಧಿಯಲ್ಲಿ ಅವನು ತೆಗೆದ ಚಿತ್ರಗಳ ೧೨,೦೦೦ಕ್ಕೂ ಮಿಕ್ಕ ನೆಗೆಟಿವುಗಳು ಈಗ ನ್ಯೂಯಾರ್ಕ್ ನಗರದ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಿಂದ ಆಯ್ದ ಚಿತ್ರಗಳ ಪ್ರದರ್ಶನವೊಂದು ೨೦೧೮ರಲ್ಲಿ ಅಲ್ಲಿ ನಡೆಯಿತು.

‘ಲುಕ್’ ಪತ್ರಿಕೆಯ ಸ್ವರೂಪವನ್ನು ಅರಿಯದೆ ಈ ಚಿತ್ರವನ್ನು ಸರಿಯಾಗಿ ಓದಲಾಗದು. ೧೯೩೬ರ ನವೆಂಬರಿನಲ್ಲಿ ‘ಲೈಫ್’ ಎಂಬ ಸಚಿತ್ರ ವಾರಪತ್ರಿಕೆ ಹೊರಟಿತು. ೧೯೩೭ರಲ್ಲಿ ಗಾರ್ಡ್ನರ್ ಕೌಲ್ಸ್ ‘ಲುಕ್’ ಪತ್ರಿಕೆಯನ್ನು ಆರಂಭಿಸಿದನು. ಅದು ಬಹುಬೇಗ ಎರಡು ವಾರಕ್ಕೊಮ್ಮೆ ಹೊರಡುವ ಪತ್ರಿಕೆಯಾಗಿ, ೧೯೭೧ರ ಅಕ್ಟೋಬರಿನವರೆಗೆ ನಡೆಯಿತು. ಈ ಬಗೆಯ ಪತ್ರಿಕೆಗಳಲ್ಲಿ ಚಿತ್ರವು ಬರೆಹದ ಅಲಂಕಾರವಾಗಿರಲಿಲ್ಲ. ಚಿತ್ರವೇ ಕಥೆಯನ್ನು ಹೇಳಬೇಕಾಗಿತ್ತು. ಹಲವು ಚಿತ್ರಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಕೆಳಗೆ ಚುಟುಕಾದ ಅಡಿಬರಹಗಳನ್ನಿತ್ತು, ಒಂದು ಪ್ರಸಂಗವನ್ನೋ ಒಬ್ಬ ವ್ಯಕ್ತಿಯ ದಿನಚರಿಯನ್ನೋ ನಿರೂಪಿಸುವುದು ಅವುಗಳ ಪದ್ಧತಿ. ಇಂಥ ಚಿತ್ರಮಾಲಿಕೆಗೆ ಆಗಾಗ ಮೊದಲೇ ಯೋಜನೆ ಸಿದ್ಧವಾಗಿರುತ್ತಿತ್ತು. ಯಾವ ಯಾವ ದೃಶ್ಯಗಳು ಬೇಕೆಂಬುದನ್ನು ಸಂಪಾದಕವರ್ಗದವರು ನಿರ್ಧರಿಸಬಹುದಾಗಿತ್ತು. ಚಿತ್ರಗ್ರಾಹಕನು ಅವುಗಳನ್ನು ದೊರಕಿಸಬೇಕಾಗಿತ್ತು. ದೊರಕದಿದ್ದರೆ ನಿರ್ಮಿಸಬೇಕಾಗಿತ್ತು.

ಆ ‘ನಿರ್ಮಾಣ’ದ ಸ್ವರೂಪಕ್ಕೆ ಎರಡು ಉದಾಹರಣೆಗಳನ್ನು ನೋಡಬಹುದು. ೧೯೪೬ನೆಯ ಏಪ್ರಿಲ್ ೧೬ರ ಸಂಚಿಕೆಯಲ್ಲಿ ಕುಬ್ರಿಕನ ನಾಲ್ಕು ಚಿತ್ರಗಳ ಒಂದು ಪುಟ್ಟ ಕಥೆ ಬಂದಿತು. ಚಿತ್ರಮಂದಿರದ ಬಾಲ್ಕನಿಯಲ್ಲಿ ಕುಳಿತ ಯುವಕನೊಬ್ಬ ಪಕ್ಕದ ಯುವತಿಯತ್ತ ಮೆಲ್ಲನೆ ಸರಿಯುತ್ತಾನೆ. ಆಕೆ ಕೆನ್ನೆಗೆ ಬಾರಿಸುತ್ತಾಳೆ. ಇದು ಹೇಳಿ ಮಾಡಿಸಿದ ಪ್ರಸಂಗ. ಏಟು ಮಾತ್ರ ನಿಜವಾಗಿರಲೆಂದು ಅವನು ಹುಡುಗಿಗೆ ಬೇರೆಯಾಗಿ ಸೂಚನೆ ಕೊಟ್ಟಿದ್ದನೆಂದು ಜೀವನಚರಿತ್ರಕಾರರು ಹೇಳುತ್ತಾರೆ. ಇದಕ್ಕೆ ವ್ಯತಿರಿಕ್ತವಾದದ್ದು ೧೯೪೭ನೆಯ ಮಾರ್ಚಿ ೪ರ ಸಂಚಿಕೆಯಲ್ಲಿ ಬಂದ, ನ್ಯೂಯಾರ್ಕಿನ ಸುರಂಗರೈಲಿನ ಪ್ರಯಾಣಿಕರ ಚಿತ್ರಮಾಲಿಕೆ. ಅದಕ್ಕಾಗಿ ಅವನು ಎರಡು ವಾರಗಳ ಕಾಲ, ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನವರೆಗೆ, ರೈಲಿನಲ್ಲಿ ಅಲೆದನು. ಮಿಂಚುದೀಪವನ್ನು ಬಳಸದೆ ಗಾಡಿಯೊಳಗಿನ ಮಂದವಾದ ಬೆಳಕಿನಲ್ಲಿಯೇ ಚಿತ್ರಗಳನ್ನು ತೆಗೆದನು. ಒಂದರಲ್ಲಿ ಸನ್ನಿವೇಶವನ್ನು ಕಟ್ಟಿದನು. ಮತ್ತೊಂದರಲ್ಲಿ ಸನ್ನಿವೇಶಕ್ಕಾಗಿ ಕಾದನು. ಎರಡು ವಿಧಾನಗಳೂ ಒಂದೇ ಪತ್ರಿಕೆಯ ಪುಟಗಳಲ್ಲಿ, ಒಂದೇ ಹೆಸರಿನ ಕೆಳಗೆ, ಭೇದವಿಲ್ಲದೆ ಸ್ಥಾನ ಪಡೆದವು.

೪

ಪತ್ರಿಕೆ ಮಾರುವವನ ಚಿತ್ರ ಈ ಎರಡು ವರ್ಗಗಳಲ್ಲಿ ಯಾವುದಕ್ಕೆ ಸೇರುತ್ತದೆ? ಗೂಡಂಗಡಿ ಅವನದೇ, ಪತ್ರಿಕೆಗಳು ಅಂದು ಮಾರಾಟಕ್ಕೆ ಬಂದವೇ, ಅಧ್ಯಕ್ಷರ ಮರಣ ಎಲ್ಲರಿಗೂ ತಿಳಿದ ಸತ್ಯ. ಆದರೆ ಮುಖವನ್ನು ಇನ್ನಷ್ಟು ಬಾಡಿಸಿಕೊಳ್ಳುವಂತೆ ಬಾಲಕನು ವ್ಯಾಪಾರಿಯನ್ನು ಒಡಂಬಡಿಸಿದನೆಂದು ಕುಬ್ರಿಕನ ಜೀವನಚರಿತ್ರೆಗಳಲ್ಲಿ ಹೇಳಿದೆ. ಈ ಹೇಳಿಕೆಯನ್ನು ಒಪ್ಪಿದರೆ, ಚಿತ್ರದಲ್ಲಿ ವಿಭಾವ ಲೋಕದ್ದು, ಅನುಭಾವ ನಿರ್ದೇಶಿತವಾದುದು ಎಂದಾಯಿತು. ಭರತನು ಹೇಳಿದ ಲೋಕಧರ್ಮಿ ಮತ್ತು ನಾಟ್ಯಧರ್ಮಿಗಳು ಒಂದೇ ಚೌಕಟ್ಟಿನಲ್ಲಿ ಪಕ್ಕಪಕ್ಕದಲ್ಲಿ ನಿಂತಿವೆ.

ಹಾಗಾದರೆ ಈ ಚಿತ್ರ ಸುಳ್ಳುಸಾಕ್ಷಿ, ಚರಿತ್ರಕಾರನು ಇದನ್ನು ಕೈಬಿಡಬೇಕು, ಎಂದು ಇಲ್ಲಿ ಒಂದು ಆಕ್ಷೇಪ ಬರಬಹುದು. ಆಕ್ಷೇಪಕ್ಕೆ ಬಲವಿಲ್ಲದೆ ಇಲ್ಲ. ಹೋಲಿಕೆಗಾಗಿ ಅದೇ ಸಮಯದ ಇನ್ನೊಂದು ಚಿತ್ರವನ್ನು ನೋಡೋಣ. ಏಪ್ರಿಲ್ ೧೩ರಂದು ರೂಸ್‌ವೆಲ್ಟರ ಶರೀರವನ್ನು ವಾರ್ಮ್ ಸ್ಪ್ರಿಂಗ್ಸಿನಿಂದ ಹೊರಡಿಸಿದಾಗ, ಗ್ರಹಾಂ ಜಾಕ್ಸನ್ ಎಂಬ ನೀಗ್ರೋ ಸಂಗೀತಗಾರನು—ಇಂದಿನ ಬಳಕೆಯಲ್ಲಿ ಹೇಳುವುದಾದರೆ ಆಫ್ರಿಕನ್ ಅಮೆರಿಕನ್ ಸಂಗೀತಗಾರನು—ನೌಕಾದಳದ ಸಮವಸ್ತ್ರದಲ್ಲಿ ನಿಂತು ಅಕಾರ್ಡಿಯನ್ ನುಡಿಸುತ್ತಾ ಕಣ್ಣೀರು ಸುರಿಸಿದನು. ‘ಲೈಫ್’ ಪತ್ರಿಕೆಯ ಎಡ್ ಕ್ಲಾರ್ಕ್ ಅದನ್ನು ಚಿತ್ರೀಕರಿಸಿದನು. ಜಾಕ್ಸನ್ ಅಧ್ಯಕ್ಷರ ಎದುರಿನಲ್ಲಿ ಅನೇಕ ಬಾರಿ ನುಡಿಸಿದ್ದವನು; ಮೃತರನ್ನು ಬಲ್ಲವನು. ಅವನ ಕಣ್ಣೀರನ್ನು ಯಾರೂ ಕೇಳಿ ತರಿಸಲಿಲ್ಲ. ಅಶ್ರುವನ್ನು ನಮ್ಮ ಲಾಕ್ಷಣಿಕರು ಸಾತ್ತ್ವಿಕಭಾವಗಳಲ್ಲಿ ಎಣಿಸಿರುವುದು ಯುಕ್ತವಾಗಿಯೇ ಇದೆ. ಮನಸ್ಸು ಕಲಕದೆ ಅದು ಬರಲಾರದು. ಈ ಚಿತ್ರದ ಮುಂದೆ ಕುಬ್ರಿಕನ ಚಿತ್ರವನ್ನಿಟ್ಟರೆ ಎರಡನೆಯದು ಕೃತಕವೆಂದು ತೋರುವುದು ಸಹಜ.

ಆದರೆ ಇವೆರಡು ಚಿತ್ರಗಳು ಒಂದೇ ವಿಷಯಕ್ಕೆ ಸಾಕ್ಷ್ಯ ಹೇಳುತ್ತಿಲ್ಲವೆಂಬುದನ್ನು ನಾವು ಗಮನಿಸಬೇಕು. ಕ್ಲಾರ್ಕನ ಚಿತ್ರ ಒಬ್ಬ ಪರಿಚಿತನ ಶೋಕಕ್ಕೆ ಸಾಕ್ಷಿ. ಆದರೆ ಅಮೆರಿಕದ ಕೋಟ್ಯಂತರ ಜನ ರೂಸ್‌ವೆಲ್ಟರನ್ನು ಕಂಡವರಲ್ಲ. ಅವರಿಗೆ ಆ ಸಾವು ಬಂದದ್ದು ರೇಡಿಯೋದ ಧ್ವನಿಯಾಗಿ, ಪತ್ರಿಕೆಯ ತಲೆಬರಹವಾಗಿ. ದೂರದ ಸಾವೊಂದು ಅಚ್ಚಿನ ಅಕ್ಷರಗಳ ಮೂಲಕ ಬೀದಿಯ ಮನುಷ್ಯನನ್ನು ಮುಟ್ಟುವ ಬಗೆಯನ್ನು ತೋರಿಸುವುದು ಕುಬ್ರಿಕನ ಚಿತ್ರ. ಕಿರಿಯ ಚಿತ್ರಗ್ರಾಹಕನು ಶೋಕವನ್ನು ಶವಪೆಟ್ಟಿಗೆಯ ಬಳಿ ಹುಡುಕದೆ ಪತ್ರಿಕೆಯ ಅಂಗಡಿಯಲ್ಲಿ ಹುಡುಕಿದ್ದೇ ಅವನ ವಿವೇಕ.

ಇನ್ನೂ ಒಂದು ಮಾತಿದೆ. ‘ದುಃಖಿತನಾಗಿ ಕಾಣು’ ಎಂದು ಬಾಲಕ ಕೇಳಿದಾಗ ವ್ಯಾಪಾರಿಗೆ ಏನು ಮಾಡಬೇಕೆಂಬುದು ತಿಳಿದಿತ್ತು. ಅದನ್ನು ನೋಡಿದ ಸಂಪಾದಕರಿಗೆ ಅರ್ಥವಾಯಿತು. ಓದುಗರಿಗೂ ಅರ್ಥವಾಗುವುದೆಂದು ಅವರು ನಂಬಿ ಹಣ ಕೊಟ್ಟರು. ಎಂದರೆ, ಆ ದಿನಗಳಲ್ಲಿ ನ್ಯೂಯಾರ್ಕಿನ ಒಬ್ಬ ಸಾಮಾನ್ಯನ ಮುಖ ಹೇಗಿರಬೇಕೆಂಬ ವಿಷಯದಲ್ಲಿ ತೆಗೆದವನಿಗೂ ತೆಗೆಸಿಕೊಂಡವನಿಗೂ ನೋಡಿದವರಿಗೂ ಒಂದು ಸಮಾನವಾದ ತಿಳಿವಳಿಕೆ ಇತ್ತು. ಸಮಾಜವೊಂದು ತನ್ನಿಂದ ತಾನೇ ನಿರೀಕ್ಷಿಸುವ ಭಾವ ಯಾವುದೆಂಬುದು ಚರಿತ್ರಕಾರನಿಗೆ ಬೆಲೆಬಾಳುವ ಸಂಗತಿ. ಅದಕ್ಕೆ ನಿರ್ದೇಶಿತವಾದ ಈ ಮುಖವೇ ಹೆಚ್ಚು ಬಲವಾದ ಆಧಾರ.

೫

ಮೂರನೆಯ ಕೈ ಸಂಪಾದಕನದು. ಏಪ್ರಿಲ್ ೧೨ಕ್ಕೂ ಜೂನ್ ೨೬ಕ್ಕೂ ನಡುವೆ ೭೫ ದಿನಗಳ ಅಂತರವಿದೆ. ದಿನಪತ್ರಿಕೆಗೆ ಮೂರು ದಿನವೇ ಹಳತು. ‘ಲುಕ್’ ಆ ಚಿತ್ರವನ್ನು ಅಚ್ಚುಮಾಡುವ ಹೊತ್ತಿಗೆ ಜರ್ಮನಿ ಶರಣಾಗತವಾಗಿತ್ತು. ಟ್ರೂಮನ್ ಆಡಳಿತಕ್ಕೆ ಎರಡು ತಿಂಗಳು ಕಳೆದಿತ್ತು. ರೂಸ್‌ವೆಲ್ಟರ ಸಾವು ಯಾರಿಗೂ ಹೊಸ ಸುದ್ದಿಯಾಗಿರಲಿಲ್ಲ. ಆದುದರಿಂದ ಅಲ್ಲಿ ಆ ಚಿತ್ರದ ಕಾರ್ಯ ವಾರ್ತೆಯನ್ನು ತಿಳಿಸುವುದಾಗಿರಲಿಲ್ಲ. ಓದುಗನಿಗೆ ತಾನು ಅಂದು ಎಲ್ಲಿದ್ದೆ, ಆ ತಲೆಬರಹವನ್ನು ಎಲ್ಲಿ ಕಂಡೆ ಎಂಬ ನೆನಪನ್ನು ತರಿಸುವುದಾಗಿತ್ತು. ಗೂಡಂಗಡಿಯ ಪತ್ರಿಕೆಗಳು ಏಪ್ರಿಲಿನಲ್ಲಿ ವಾರ್ತೆ. ಜೂನಿನಲ್ಲಿ ಅವೇ ಪತ್ರಿಕೆಗಳು ಸ್ಮಾರಕ. ಚಿತ್ರ ಬದಲಾಗಲಿಲ್ಲ; ಅದು ನಿಂತ ಸ್ಥಳ ಬದಲಾಯಿತು.

ಇಲ್ಲಿ ನಮ್ಮ ಶಾಸನಗಳ ನೆನಪಾಗುತ್ತದೆ. ದಾನ ಕೊಟ್ಟವನು ಒಬ್ಬ, ಪಾಠವನ್ನು ರಚಿಸಿದವನು ಒಬ್ಬ, ಕಲ್ಲಿನಲ್ಲಿ ಕಂಡರಿಸಿದವನು ಇನ್ನೊಬ್ಬ. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಮತ್ತು ಕಂಡರಿಸಿದವನ ಹೆಸರುಗಳೂ ಇರುತ್ತವೆ. ದೊರೆಯನ್ನು ಹೊಗಳುವ ಪದ್ಯವನ್ನು ನಾವು ಸಂಪ್ರದಾಯವೆಂದು ತಿಳಿದು ಓದುತ್ತೇವೆ. ಆದರೆ ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವ ಭಾಗವನ್ನು ಸಂಗತಿಯೆಂದು ಸ್ವೀಕರಿಸುತ್ತೇವೆ. ಹೊಗಳಿಕೆ ಉತ್ಪ್ರೇಕ್ಷೆಯೆಂದು ಕಲ್ಲನ್ನೇ ಒಡೆದುಹಾಕುವವರಿಲ್ಲ. ಪತ್ರಿಕಾ ಛಾಯಾಚಿತ್ರವನ್ನೂ ಹೀಗೆಯೇ ಓದಬೇಕು. ತಲೆಬರಹಗಳು ಅದರ ಎಲ್ಲೆಗಳು. ಮುಖ ಅದರ ಪ್ರಶಸ್ತಿ. ಮೊದಲನೆಯದು ಘಟನೆಗೆ ಆಧಾರ, ಎರಡನೆಯದು ಕಾಲದ ಅಭಿರುಚಿಗೆ ಆಧಾರ.

೬

ಕುಬ್ರಿಕನ ಮುಂದಿನ ಜೀವನವನ್ನು ಬಲ್ಲ ಇಂದಿನ ಓದುಗನಿಗೆ ಇನ್ನೊಂದು ಅಪಾಯವಿದೆ. ಅವನ ಚಲನಚಿತ್ರಗಳ ಕೀರ್ತಿಯನ್ನು ಹಿಂದಕ್ಕೆ ಒಯ್ದು, ಈ ಚಿತ್ರದಲ್ಲಿ ಮಹಾನಿರ್ದೇಶಕನನ್ನು ಕಾಣಲು ಮನಸ್ಸು ಹಾತೊರೆಯುತ್ತದೆ. ೧೯೪೫ರಲ್ಲಿ ೨೫ ಡಾಲರು ಕೊಟ್ಟವರು ಕೊಂಡದ್ದು ಚಿತ್ರವನ್ನೇ ಹೊರತು ಕೀರ್ತಿಯನ್ನಲ್ಲ. ಆದರೂ ಛಾಯಾಚಿತ್ರದಿಂದ ಚಲನಚಿತ್ರಕ್ಕೆ ಅವನು ನಡೆದ ದಾರಿ ಊಹೆಯ ವಿಷಯವಲ್ಲ, ದಾಖಲೆಯಲ್ಲಿ ಸ್ಪಷ್ಟವಾಗಿದೆ. ೧೯೪೯ನೆಯ ಜನವರಿ ೧೮ರ ‘ಲುಕ್’ ಸಂಚಿಕೆಯಲ್ಲಿ ವಾಲ್ಟರ್ ಕಾರ್ಟಿಯರ್ ಎಂಬ ಮುಷ್ಟಿಮಲ್ಲನ ಜೀವನವನ್ನು ಕುರಿತ ಅವನ ಚಿತ್ರಮಾಲಿಕೆ ಪ್ರಕಟವಾಯಿತು. ಪಂದ್ಯಕ್ಕೆ ಮುಂಚಿನ ದೀರ್ಘ ನಿರೀಕ್ಷಣೆ, ಉಡುಪಿನ ಕೋಣೆಯ ಮೌನ, ಅಖಾಡದ ಬೆಳಕು ಇವು ಅದರ ವಸ್ತು. ಮರುವರ್ಷವೇ ಅವನು ಅದೇ ಕಾರ್ಟಿಯರನನ್ನು ನಾಯಕನನ್ನಾಗಿ ಮಾಡಿಕೊಂಡು, ೧೯೫೦ನೆಯ ಏಪ್ರಿಲ್ ೧೭ರಂದು ನಡೆದ ಪಂದ್ಯವನ್ನು ಆಧರಿಸಿ, ಸುಮಾರು ೧೬ ನಿಮಿಷಗಳ ಒಂದು ಕಿರುಚಿತ್ರವನ್ನು ತೆಗೆದನು. ‘ಡೇ ಆಫ್ ದಿ ಫೈಟ್’ ಎಂಬ ಆ ಚಿತ್ರ ೧೯೫೧ರಲ್ಲಿ ತೆರೆಕಂಡಿತು. ಅವನ ಮೊದಲ ಚಲನಚಿತ್ರ ಅದೇ. ೧೯೫೫ರ ‘ಕಿಲ್ಲರ್ಸ್ ಕಿಸ್’ ಎಂಬ ಕಥಾಚಿತ್ರದ ನಾಯಕನೂ ಒಬ್ಬ ಮುಷ್ಟಿಮಲ್ಲ.

ಈ ಸಾಲಿನಲ್ಲಿ ನಿಲ್ಲಿಸಿ ನೋಡಿದರೆ ಗೂಡಂಗಡಿಯ ಚಿತ್ರದ ಮಹತ್ತ್ವ ಪ್ರತಿಭೆಯ ಪವಾಡವಾಗಿ ತೋರದೆ ಒಂದು ಕಸುಬಿನ ಆರಂಭವಾಗಿ ತೋರುತ್ತದೆ. ಇದ್ದ ಸ್ಥಳವನ್ನು ಇದ್ದಂತೆ ಬಳಸುವುದು, ದೊರೆತ ಬೆಳಕನ್ನು ನೆಚ್ಚುವುದು, ಆದರೆ ಮನುಷ್ಯನ ಮುಖವನ್ನು ಮಾತ್ರ ಕೇಳಿ ಪಡೆಯುವುದು ಎಂಬ ಕ್ರಮವನ್ನು ಅವನು ಪತ್ರಿಕೆಯ ಕೆಲಸದಲ್ಲಿ ಕಲಿತನು. ‘ಲುಕ್’ ಅವನಿಗೆ ವೇತನ ಕೊಟ್ಟ ಪಾಠಶಾಲೆ.

೭

ಇಷ್ಟು ವಿಚಾರದಿಂದ ದೊರೆಯುವ ಫಲವನ್ನು ಸಂಗ್ರಹಿಸಿ ಹೇಳಬಹುದು. ಪತ್ರಿಕಾ ಛಾಯಾಚಿತ್ರವನ್ನು ಆಧಾರವಾಗಿ ಬಳಸುವವನು ನಾಲ್ಕು ಸಂಗತಿಗಳನ್ನು ಬಿಡಿಬಿಡಿಯಾಗಿ ನೋಡಬೇಕು. ಮೊದಲನೆಯದಾಗಿ, ಚಿತ್ರದಲ್ಲಿ ಯಾರ ಇಚ್ಛೆಗೂ ಒಳಪಡದೆ ಬಂದಿರುವುದು ಯಾವುದು. ಇಲ್ಲಿ ಅದು ತಲೆಬರಹ. ಎರಡನೆಯದಾಗಿ, ಚಿತ್ರಗ್ರಾಹಕನು ಕೇಳಿ ಪಡೆದದ್ದು ಯಾವುದು. ಇಲ್ಲಿ ಅದು ಮುಖಭಾವ. ಮೂರನೆಯದಾಗಿ, ಪತ್ರಿಕೆಯು ಯಾವಾಗ, ಯಾವ ಉದ್ದೇಶಕ್ಕಾಗಿ ಅಚ್ಚುಮಾಡಿತು. ಇಲ್ಲಿ ಅದು ಸ್ಮರಣೆ. ನಾಲ್ಕನೆಯದಾಗಿ, ಅನಂತರದ ಕಾಲವು ತನ್ನ ತಿಳಿವಳಿಕೆಯಿಂದ ಸೇರಿಸಿದ್ದು ಯಾವುದು. ಇಲ್ಲಿ ಅದು ಕುಬ್ರಿಕನ ಹೆಸರು. ಈ ನಾಲ್ಕನ್ನೂ ಬೇರ್ಪಡಿಸಿದ ಮೇಲೆ ಚಿತ್ರದ ಬೆಲೆ ಕುಂದುವುದಿಲ್ಲ. ಅದು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಸಾಕ್ಷಿಯಲ್ಲ ಎಂಬುದು ತಿಳಿಯಾಗುತ್ತದೆ.

ಈ ಎಚ್ಚರ ವಿದ್ವತ್ತಿನ ಮಡಿವಂತಿಕೆಯಷ್ಟೇ ಅಲ್ಲ. ಚಿತ್ರದಲ್ಲಿರುವವನಿಗೆ ನಾವು ಸಲ್ಲಿಸಬೇಕಾದ ನ್ಯಾಯವೂ ಇದರಲ್ಲಿ ಅಡಗಿದೆ. ಗೂಡಂಗಡಿಯ ಆ ವ್ಯಾಪಾರಿ ಅಧ್ಯಕ್ಷರಿಗಾಗಿ ಒಳಗೊಳಗೇ ಮರುಗಿರಬಹುದು. ಒಬ್ಬ ಹುಡುಗನ ಮಾತನ್ನು ಮನ್ನಿಸಿ ಕ್ಷಣಕಾಲ ಮುಖ ಬಾಡಿಸಿರಲೂಬಹುದು. ಎರಡೂ ಕೂಡಿಯೇ ಇದ್ದಿರಬಹುದು. ನಗರದ ಶೋಕವನ್ನು ಅವನ ಮುಖದ ಮೇಲೆ ಓದುವ ಅಧಿಕಾರ ಚಿತ್ರದಿಂದ ನಮಗೆ ದೊರೆಯುತ್ತದೆ. ಅವನ ಹೃದಯವನ್ನು ಓದುವ ಅಧಿಕಾರ ದೊರೆಯುವುದಿಲ್ಲ. ಅಂದು ಅವನು ಮಾರುತ್ತಿದ್ದುದು ಸುದ್ದಿಯನ್ನು; ಮುಖವನ್ನು ಕೊಟ್ಟದ್ದು ಕೇಳಿದವನ ಮೇಲಿನ ಸೌಜನ್ಯದಿಂದ. ಚರಿತ್ರೆಯನ್ನು ಬರೆಯುವವನು ಈ ಎರಡರ ವ್ಯತ್ಯಾಸವನ್ನು ಮರೆಯದಿದ್ದರೆ ಆ ಚಿತ್ರವನ್ನು ನಿಶ್ಶಂಕೆಯಿಂದ ತನ್ನ ಆಧಾರಗಳ ಸಾಲಿನಲ್ಲಿ ಇರಿಸಿಕೊಳ್ಳಬಹುದು.